ಮುಳುಗದ ಲೆಕ್ಕ

ಬಿತ್ತನೆ ಭತ್ತ ಆರಿಸುವ ಹಳೆಯ ವಿಧಾನವೊಂದನ್ನು ಕೃಷಿ ಇಲಾಖೆಯವರು ಇಂದಿಗೂ ಹೇಳಿಕೊಡುತ್ತಾರೆ. ಬಕೆಟ್ ನೀರಿಗೆ ಒಂದು ತಾಜಾ ಕೋಳಿಮೊಟ್ಟೆ ಬಿಡಬೇಕು. ಅದು ತಳ ಸೇರುತ್ತದೆ. ಆಮೇಲೆ ಹಿಡಿಹಿಡಿ ಉಪ್ಪು ಹಾಕಿ ಕದಡುತ್ತ ಹೋದರೆ ಒಂದು ಹಂತದಲ್ಲಿ ಮೊಟ್ಟೆ ತಳ ಬಿಟ್ಟು ಏಳುತ್ತದೆ. ಇನ್ನಷ್ಟು ಉಪ್ಪು ಬಿದ್ದರೆ ನಾಣ್ಯದಗಲ ನೆತ್ತಿಯನ್ನು ನೀರಿನಿಂದ ಹೊರಗೆ ತೋರಿಸುತ್ತದೆ. ಅಲ್ಲಿಗೆ ಉಪ್ಪು ಸಾಕು. ಮೊಟ್ಟೆ ತೆಗೆದು ಭತ್ತ ಸುರಿದರೆ ಜಳ್ಳೂ ಅರೆಬಲಿತ ಕಾಳೂ ಮೇಲೆ ಬರುತ್ತವೆ, ಗಟ್ಟಿ ಕಾಳು ಕೆಳಗೆ ಉಳಿಯುತ್ತದೆ. ಮೇಲಿನದನ್ನು ಬಳಿದು ಹಾಕಿ, ತಳದ್ದನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು. ಇಲ್ಲದಿದ್ದರೆ ಉಪ್ಪು ಮೊಳಕೆಯನ್ನೇ ಕೆಡಿಸುತ್ತದೆ.

ಬರೀ ನೀರು ಯಾಕೆ ಸಾಲದು? ಬರೀ ನೀರಿನಲ್ಲಿ ಪೂರ್ತಿ ಪೊಳ್ಳು ಕಾಳು ಮಾತ್ರ ತೇಲುತ್ತದೆ. ಅರ್ಧ ಹಾಲು ತುಂಬಿದ ಕಾಳು ಗಟ್ಟಿ ಕಾಳಿನ ಜೊತೆಗೇ ಮುಳುಗಿ ಕೂರುತ್ತದೆ. ಉಪ್ಪು ಹಾಕಿದಾಗ ಭತ್ತದಲ್ಲಿ ಏನೂ ಬದಲಾಗಲಿಲ್ಲ, ಮೊಟ್ಟೆಯಲ್ಲೂ ಏನೂ ಬದಲಾಗಲಿಲ್ಲ. ಬದಲಾದದ್ದು ನೀರು. ತೇಲುವ ವಿಷಯದಲ್ಲಿ ನಾವೆಲ್ಲ ಶಾಲೆಯಲ್ಲಿ ಕಲಿತು ಮರೆಯುವ ಮಾತು ಇದೇ. ‘ಮರ ತೇಲುತ್ತದೆ, ಕಲ್ಲು ಮುಳುಗುತ್ತದೆ’ ಎಂದು ಬರೆಸುವಾಗ ತೇಲುವುದು ಮರದ ಗುಣ, ಮುಳುಗುವುದು ಕಲ್ಲಿನ ಗುಣ ಎಂಬ ಭಾವನೆ ಮಕ್ಕಳ ತಲೆಯಲ್ಲಿ ಕೂತುಬಿಡುತ್ತದೆ. ಕಲ್ಲನ್ನು ಪಾದರಸದಲ್ಲಿ ಹಾಕಿದರೆ ತೇಲುತ್ತದೆ. ನೀರಿನಲ್ಲಿ ತೇಲುವ ಮಂಜುಗಡ್ಡೆ ಅಪ್ಪಟ ಆಲ್ಕೋಹಾಲಿನಲ್ಲಿ ಮುಳುಗುತ್ತದೆ. ವಸ್ತು ಎಂಥದ್ದು ಎನ್ನುವಷ್ಟೇ, ಅದು ಯಾವುದರಲ್ಲಿ ಇಳಿದಿದೆ ಎಂಬುದನ್ನೂ ಕೇಳಬೇಕು.

ಹಳ್ಳಿಯ ಹಾಲಿನ ಡೇರಿಯಲ್ಲಿ ಈ ಲೆಕ್ಕ ದಿನಕ್ಕೆರಡು ಸಲ ನಡೆಯುತ್ತದೆ. ಲ್ಯಾಕ್ಟೋಮೀಟರ್ ಎಂದರೆ ಬುಡದಲ್ಲಿ ಭಾರ ಇಟ್ಟ, ಉದ್ದ ಕತ್ತಿನ ಗಾಜಿನ ಕೊಳವೆ. ಹಾಲಿನಲ್ಲಿ ಬಿಟ್ಟರೆ ನೆಟ್ಟಗೆ ತೇಲುತ್ತದೆ, ಕತ್ತಿನ ಮೇಲಿನ ಗೆರೆಯನ್ನು ಓದಬೇಕು. 30 ಡಿಗ್ರಿ ಬಂತೆಂದರೆ ಆ ಹಾಲು ಲೀಟರಿಗೆ 1,030 ಗ್ರಾಂ ತೂಗುತ್ತದೆ ಎಂದರ್ಥ. ಹತ್ತರಲ್ಲೊಂದು ಪಾಲು ನೀರು ಸೇರಿದರೆ 27ಕ್ಕೆ ಇಳಿಯುತ್ತದೆ. ‘ಡಿಗ್ರಿ ಬಂದಿಲ್ಲ’ ಎಂದು ಕಾರ್ಯದರ್ಶಿ ಕ್ಯಾನು ಹಿಂದಕ್ಕೆ ಕೊಟ್ಟಾಗ ಗುಟ್ಟು ಬಿಟ್ಟುಕೊಟ್ಟಿರುವುದು ಕೊಳವೆಯ ಆ ಸಣ್ಣ ಕುಸಿತ. ಆದರೆ ಕಳ್ಳನಿಗೂ ಈ ಶಾಸ್ತ್ರ ಗೊತ್ತು. ಕೆನೆ ನೀರಿಗಿಂತ ಹಗುರ. ಅದನ್ನು ತೆಗೆದರೆ ಹಾಲಿನ ಡಿಗ್ರಿ ಏರುತ್ತದೆ, ಏರಿದ್ದನ್ನು ನೀರು ಹಾಕಿ ಇಳಿಸಿದರೆ ಗೆರೆ ಸರಿಯಾಗಿ ಕೂರುತ್ತದೆ. ಇದೇ ಕಾರಣಕ್ಕೆ ಡೇರಿಯವರು ಡಿಗ್ರಿಯ ಜೊತೆಗೆ ಫ್ಯಾಟನ್ನೂ ನೋಡುವುದು. ತೇಲುವಿಕೆ ಒಟ್ಟು ಮೊತ್ತವನ್ನು ಹೇಳುತ್ತದೆಯೇ ಹೊರತು ಆ ಮೊತ್ತ ಯಾವುದರಿಂದ ಆಯಿತು ಎಂದು ಬಿಡಿಸಿ ಹೇಳುವುದಿಲ್ಲ.

ಈ ವಿಷಯ ಬಂದಾಗ ಆರ್ಕಿಮಿಡೀಸ್ ಬಾರದೆ ಇರುವುದಿಲ್ಲ. ಬಂದರೆ ಸ್ನಾನದ ತೊಟ್ಟಿಯಿಂದ ಬರಿಮೈಯಲ್ಲೇ ಬೀದಿಗೆ ಬರುತ್ತಾನೆ. ಸಿರಾಕ್ಯೂಸಿನ ಅರಸ ಹೀರೋ ಮಾಡಿಸಿದ ಚಿನ್ನದ ಕಿರೀಟದಲ್ಲಿ ಅಕ್ಕಸಾಲಿಗ ಬೆಳ್ಳಿ ಬೆರೆಸಿದ್ದಾನೆಯೇ ಎಂಬ ಸಂಶಯ, ತೊಟ್ಟಿಯಿಂದ ಉಕ್ಕಿದ ನೀರು, ‘ಯುರೇಕಾ’ ಎಂಬ ಕೂಗು. ಇದನ್ನು ನಮಗೆ ಹೇಳಿದವನು ವಿಟ್ರೂವಿಯಸ್ ಎಂಬ ರೋಮನ್ ವಾಸ್ತುತಜ್ಞ, ಆರ್ಕಿಮಿಡೀಸ್ ಸತ್ತು ಸುಮಾರು ಎರಡು ಶತಮಾನಗಳ ನಂತರ. ಲೆಕ್ಕ ಹಾಕಿ ನೋಡಿದರೆ ಕಥೆ ಅಲುಗಾಡುತ್ತದೆ. ಒಂದು ಕೆ.ಜಿ. ಅಪ್ಪಟ ಚಿನ್ನ ಹಿಡಿಯುವ ಜಾಗ ಸುಮಾರು 52 ಮಿಲಿಲೀಟರ್. ಅದರಲ್ಲಿ 300 ಗ್ರಾಂ ತೆಗೆದು ಬೆಳ್ಳಿ ಸೇರಿಸಿದರೆ ಸುಮಾರು 65. ವ್ಯತ್ಯಾಸ 13 ಮಿಲಿಲೀಟರ್. ಕಿರೀಟ ಹಿಡಿಸುವಂತೆ 20 ಸೆಂಟಿಮೀಟರ್ ಅಗಲದ ಪಾತ್ರೆ ತೆಗೆದುಕೊಂಡರೂ ನೀರಿನ ಮಟ್ಟದಲ್ಲಿ ಕಾಣುವ ಏರುಪೇರು ಅರ್ಧ ಮಿಲಿಮೀಟರ್‌ಗಿಂತ ಕಡಿಮೆ. ಕಿರೀಟದ ಎಸಳುಗಳಿಗೆ ಅಂಟಿದ ಗಾಳಿಗುಳ್ಳೆಗಳೇ ಅಷ್ಟು ತಪ್ಪು ಮಾಡಿಸಬಲ್ಲವು. ಇಂಥ ಅಳತೆಯ ಮೇಲೆ ಅಕ್ಕಸಾಲಿಗನ ತಲೆ ತೆಗೆಯುವುದು ನ್ಯಾಯವಲ್ಲ.

ಗೆಲಿಲಿಯೋಗೂ ಇದೇ ಅನುಮಾನ. 1586ರಲ್ಲಿ, ಇನ್ನೂ ಇಪ್ಪತ್ತೆರಡರ ಹುಡುಗನಾಗಿದ್ದಾಗ, ಆತ ಪುಟ್ಟ ತಕ್ಕಡಿಯೊಂದರ ಕುರಿತು ಸಣ್ಣ ಬರಹ ಬರೆದ. ಆರ್ಕಿಮಿಡೀಸನಂಥವನು ಉಕ್ಕಿದ ನೀರು ಅಳೆಯುವ ಒರಟು ದಾರಿ ಹಿಡಿದಿರಲಾರ, ನೀರಿನೊಳಗೇ ತೂಗಿರಬೇಕು ಎಂಬುದು ಆತನ ವಾದ. ತಕ್ಕಡಿಯ ಒಂದು ಕಡೆ ಕಿರೀಟ, ಇನ್ನೊಂದು ಕಡೆ ಅಷ್ಟೇ ತೂಕದ ಚಿನ್ನ. ಗಾಳಿಯಲ್ಲಿ ಎರಡೂ ಸಮ. ಎರಡನ್ನೂ ನೀರಿಗಿಳಿಸಿದರೆ ಬೆರಕೆಯ ಕಿರೀಟ ಹೆಚ್ಚು ಜಾಗ ಹಿಡಿದು 13 ಗ್ರಾಂನಷ್ಟು ಹೆಚ್ಚು ತೂಕ ಕಳೆದುಕೊಳ್ಳುತ್ತದೆ, ಆ ಕಡೆಯ ತಟ್ಟೆ ಮೇಲೇಳುತ್ತದೆ. ಅರ್ಧ ಮಿಲಿಮೀಟರ್ ನೀರು ಕಣ್ಣಿಗೆ ಕಾಣದಿರಬಹುದು. 13 ಗ್ರಾಂ ಏರುಪೇರು ಚಿನಿವಾರನ ತಕ್ಕಡಿಯಲ್ಲಿ ಯಾರಿಗೂ ಕಾಣುತ್ತದೆ.

ಕಥೆ ಹೇಗೇ ಇರಲಿ, ಆರ್ಕಿಮಿಡೀಸ್ ‘ತೇಲುವ ಕಾಯಗಳು’ ಎಂಬ ಗ್ರಂಥ ಬರೆದದ್ದಂತೂ ಖಚಿತ. ಅದರ ಗ್ರೀಕ್ ಮೂಲ ಉಳಿದಿರುವುದು ಒಂದೇ ಒಂದು ಚರ್ಮದ ಹೊತ್ತಗೆಯಲ್ಲಿ. ಹತ್ತನೇ ಶತಮಾನದ ಆ ಪ್ರತಿಯನ್ನು ಹದಿಮೂರನೇ ಶತಮಾನದಲ್ಲಿ ಯಾರೋ ಪಾದ್ರಿ ಹೆರೆದು, ಹಾಳೆ ತಿರುಗಿಸಿ, ಅದರ ಮೇಲೆ ಪ್ರಾರ್ಥನೆಗಳನ್ನು ಬರೆದುಕೊಂಡ. ಚರ್ಮದ ಹಾಳೆ ದುಬಾರಿ, ಜ್ಯಾಮಿತಿ ಓದುವವರಿಲ್ಲ, ಆತನದೇನೂ ತಪ್ಪಿಲ್ಲ. 1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಪ್ರಾರ್ಥನೆಯ ಸಾಲುಗಳಡಿಯಲ್ಲಿ ಮಸುಕಾಗಿ ಕಂಡ ಆರ್ಕಿಮಿಡೀಸನನ್ನು ಗುರುತು ಹಿಡಿದ. 1998ರಲ್ಲಿ ಅದೇ ಪುಸ್ತಕ ನ್ಯೂಯಾರ್ಕಿನಲ್ಲಿ 20 ಲಕ್ಷ ಡಾಲರಿಗೆ ಹರಾಜಾಯಿತು.

ಗ್ರಂಥದ ವಾದ ಸರಳ, ಆದರೆ ಜಾಣ. ಕೆರೆಯ ನಡುವೆ ನಿಂತ ನೀರಿನಲ್ಲಿ ಒಂದು ಕೊಡದಷ್ಟು ನೀರನ್ನು ಮನಸ್ಸಿನಲ್ಲೇ ಗೆರೆ ಎಳೆದು ಬೇರ್ಪಡಿಸಿಕೊಳ್ಳಿ. ಆ ನೀರಿಗೂ ತೂಕವಿದೆ. ಆದರೂ ಅದು ಕೆಳಗೆ ಬೀಳುತ್ತಿಲ್ಲ, ಇದ್ದಲ್ಲೇ ಇದೆ. ಅಂದರೆ ಸುತ್ತಲಿನ ನೀರು ಅದರ ತೂಕದಷ್ಟೇ ಬಲದಿಂದ ಅದನ್ನು ಮೇಲಕ್ಕೆ ಎತ್ತಿ ಹಿಡಿದಿದೆ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚು, ಹಾಗಾಗಿ ಬುಡಕ್ಕೆ ಬೀಳುವ ಒತ್ತು ನೆತ್ತಿಯ ಮೇಲಿನದಕ್ಕಿಂತ ಜಾಸ್ತಿ. ಮೇಲ್ಮುಖ ಬಲ ಹುಟ್ಟುವುದು ಈ ಅಂತರದಿಂದ. ಈಗ ಆ ಕೊಡದಷ್ಟು ನೀರನ್ನು ತೆಗೆದು ಅದೇ ಆಕಾರದ ಬೇರೊಂದು ವಸ್ತುವನ್ನು ಅಲ್ಲಿಡಿ. ಸುತ್ತಲಿನ ನೀರಿಗೆ ಒಳಗಿರುವುದು ಕಬ್ಬಿಣವೋ ಬೆಂಡೋ ಗೊತ್ತಾಗುವುದಿಲ್ಲ. ಅದು ಹಿಂದೆ ಒತ್ತುತ್ತಿದ್ದಷ್ಟೇ ಈಗಲೂ ಒತ್ತುತ್ತದೆ. ಬಂದ ವಸ್ತು ತಾನು ಸರಿಸಿದ ನೀರಿಗಿಂತ ಭಾರವಾದರೆ ಇಳಿಯುತ್ತದೆ, ಹಗುರವಾದರೆ ಏರುತ್ತದೆ. ಇದಕ್ಕಿಂತ ಹೆಚ್ಚಿನ ರಹಸ್ಯ ಇದರಲ್ಲಿಲ್ಲ.

ಹಂಪಿಯ ಕಡೆ ತುಂಗಭದ್ರೆ ದಾಟಿಸುವ ಹರಿಗೋಲಿನಲ್ಲಿ ಈ ಲೆಕ್ಕವನ್ನು ಕಣ್ಣಾರೆ ಕಾಣಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ಈ ದುಂಡು ದೋಣಿಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಸಾಗುತ್ತವೆ ಎಂಬುದು ಅವನ ವರದಿ. ಐನೂರು ವರ್ಷಗಳಲ್ಲಿ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುತ್ತುವುದು ನಿಂತಿಲ್ಲ.

ಎರಡೂವರೆ ಮೀಟರ್ ಅಗಲದ ಹರಿಗೋಲು ಎಂದುಕೊಳ್ಳೋಣ. ತಳದ ವಿಸ್ತಾರ ಸುಮಾರು ಐದು ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಕೆಳಗಿಳಿದರೆ ಸರಿಯುವ ನೀರು 50 ಲೀಟರಿಗೆ ಹತ್ತಿರ, ಎಂದರೆ 50 ಕೆ.ಜಿ. ಹಾಗಾಗಿ 60 ಕೆ.ಜಿ.ಯ ಒಬ್ಬರು ಹತ್ತಿದರೆ ಹರಿಗೋಲು ಇಳಿಯುವುದು ಸುಮಾರು ಒಂದೂಕಾಲು ಸೆಂಟಿಮೀಟರ್. ಹತ್ತು ಜನ ಹತ್ತಿದರೂ ಗೇಣಿನೊಳಗೇ ಲೆಕ್ಕ ಮುಗಿಯುತ್ತದೆ. ಬಂಡೆಗಳ ನಡುವೆ ಮೊಣಕಾಲುದ್ದ ನೀರಿರುವ ಹೊಳೆಗೆ ಇಂಥದ್ದೇ ದೋಣಿ ಬೇಕು. ಅದನ್ನು ಕಟ್ಟಿದವರು ಸೂತ್ರ ಓದಿ ಕಟ್ಟಲಿಲ್ಲ, ಹೊಳೆ ನೋಡಿ ಕಟ್ಟಿದರು. ಅಂಚು ಎಷ್ಟು ಬೆರಳು ಉಳಿದಿದೆ ಎಂದು ನೋಡಿ ಅಂಬಿಗ ‘ಸಾಕು, ಇನ್ನು ಹತ್ತಬ್ಯಾಡ್ರಿ’ ಎಂದನೆಂದರೆ ವಾದಕ್ಕೆ ಇಳಿಯಬಾರದು.

ಕಬ್ಬಿಣದ ಹಡಗು ತೇಲುವುದೂ ಇದೇ ನ್ಯಾಯದ ಮೇಲೆ. ಕಾರವಾರದ ನೌಕಾನೆಲೆಯಲ್ಲಿ ನೆಲೆಸಿರುವ ಐಎನ್ಎಸ್ ವಿಕ್ರಮಾದಿತ್ಯದ ಉದ್ದ 284 ಮೀಟರ್, ‘ತೂಕ’ ಸುಮಾರು 44,500 ಟನ್. ಇಷ್ಟು ದೊಡ್ಡ ಹಡಗನ್ನು ಯಾವ ತಕ್ಕಡಿಯಲ್ಲಿ ತೂಗಿದರು? ಯಾರೂ ತೂಗಲಿಲ್ಲ. ಯುದ್ಧನೌಕೆಗಳಿಗೆ ಹೇಳುವ ಈ ಅಂಕಿ ಅವು ಸರಿಸುವ ನೀರಿನ ತೂಕ. ಹಡಗಿನ ಹೊಟ್ಟೆ ಎಷ್ಟು ಆಳ ಮುಳುಗಿದೆ ಎಂದು ನೋಡಿ, ಆ ಆಕಾರದಷ್ಟು ಸಮುದ್ರದ ನೀರು ಎಷ್ಟು ತೂಗುತ್ತದೆ ಎಂದು ಲೆಕ್ಕ ಹಾಕಿದರೆ ಅದೇ ಹಡಗಿನ ತೂಕ. ಅದರ ಉಕ್ಕನ್ನೆಲ್ಲ ಕರಗಿಸಿ ಗಟ್ಟಿ ಮುದ್ದೆ ಮಾಡಿ ಸಮುದ್ರಕ್ಕೆ ಬಿಟ್ಟರೆ ಕ್ಷಣದಲ್ಲಿ ತಳ ಕಾಣುತ್ತದೆ. ಹೊಟ್ಟೆ ಹರವಿ ಕೂತಿರುವುದರಿಂದ ಬದುಕಿದೆ.

ಹಡಗು ತೇಲುವ ನೀರೂ ಎಲ್ಲ ಕಡೆ ಒಂದೇ ಅಲ್ಲ. ಸಮುದ್ರದ ನೀರು ಲೀಟರಿಗೆ ಸುಮಾರು 1,025 ಗ್ರಾಂ, ಹೊಳೆಯದು 1,000. ಬಂಗಾಳ ಕೊಲ್ಲಿಯಲ್ಲಿ ಎಂಟು ಮೀಟರ್ ಆಳ ಮುಳುಗಿ ಬಂದ ಸರಕು ಹಡಗು ಹೂಗ್ಲಿಯಲ್ಲಿ ಕೋಲ್ಕತ್ತದ ಕಡೆ ಹೊರಟಿತೆಂದರೆ, ಸಿಹಿನೀರು ಸೇರುತ್ತಿದ್ದಂತೆ ಒಂದು ಮೂಟೆಯನ್ನೂ ಹೊಸದಾಗಿ ಹೇರದೆಯೇ ಇಪ್ಪತ್ತು ಸೆಂಟಿಮೀಟರಿನಷ್ಟು ಇನ್ನೂ ಕೆಳಗಿಳಿಯುತ್ತದೆ. ನದಿಯ ತಳದಲ್ಲಿ ಹೂಳು ತುಂಬಿರುವಾಗ ಅದು ಸಣ್ಣ ಮಾತಲ್ಲ.

ಮಂಗಳೂರಿನ ಪಣಂಬೂರು ಬಂದರಿನಲ್ಲಿ ನಿಂತ ಯಾವುದೇ ಸರಕು ಹಡಗಿನ ಪಕ್ಕೆಯನ್ನು ನೋಡಿ. ನಡುಗೆರೆ ಎಳೆದ ಒಂದು ವೃತ್ತ, ಅದರ ಪಕ್ಕದಲ್ಲಿ ಏಣಿಯ ಮೆಟ್ಟಿಲಂತೆ ಸಣ್ಣ ಅಡ್ಡಗೆರೆಗಳು, ಒಂದೊಂದಕ್ಕೂ ಇಂಗ್ಲಿಷ್ ಅಕ್ಷರ. ‘ಎಫ್’ ಎಂದರೆ ಸಿಹಿನೀರು, ‘ಟಿ’ ಉಷ್ಣವಲಯ, ‘ಎಸ್’ ಬೇಸಿಗೆ, ‘ಡಬ್ಲ್ಯು’ ಚಳಿಗಾಲ. ಎಲ್ಲಕ್ಕಿಂತ ಕೆಳಗಿನದು ಚಳಿಗಾಲದ ಉತ್ತರ ಅಟ್ಲಾಂಟಿಕ್. ಸಿಹಿನೀರಿನ ಗೆರೆಗೆ ಕಾರಣ ನೀರಿನ ಸಾಂದ್ರತೆ, ಉಳಿದವುಗಳಿಗೆ ಮುಖ್ಯವಾಗಿ ಅಲೆಯ ಭಯ. ಕಡಲು ಹೆಚ್ಚು ಒರಟಾದಲ್ಲಿ ಹಡಗು ಹೆಚ್ಚು ಮೇಲೆದ್ದು ನಿಲ್ಲಬೇಕು, ಅಂದರೆ ಕಡಿಮೆ ಸರಕು ಹೇರಬೇಕು.

ಈ ಗೆರೆ ಬಂದದ್ದು ಭೌತಶಾಸ್ತ್ರಜ್ಞರಿಂದಲ್ಲ, ಒಬ್ಬ ಜಗಳಗಂಟ ಸಂಸದನಿಂದ. ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ ಹಳೆಯ ಹಡಗುಗಳಿಗೆ ಮಿತಿಮೀರಿ ಸರಕು ತುಂಬಿ, ದೊಡ್ಡ ಮೊತ್ತಕ್ಕೆ ವಿಮೆ ಮಾಡಿಸಿ ಕಳಿಸುವ ಮಾಲೀಕರಿದ್ದರು. ಹಡಗು ತಲುಪಿದರೆ ಬಾಡಿಗೆ, ಮುಳುಗಿದರೆ ವಿಮೆ. ಮುಳುಗುವವರು ಖಲಾಸಿಗಳು. ಡರ್ಬಿಯ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಇದರ ವಿರುದ್ಧ ಪುಸ್ತಕ ಬರೆದ. 1875ರಲ್ಲಿ ಇದನ್ನು ತಡೆಯುವ ಮಸೂದೆಯನ್ನು ಬದಿಗೆ ಸರಿಸಿದಾಗ ಸದನದಲ್ಲೇ ಮುಷ್ಟಿ ಬಿಗಿದು ಕೂಗಾಡಿದ. ಮರುವರ್ಷ ಕಾನೂನು ಬಂತು. ಆದರೆ ತಮಾಷೆ ನೋಡಿ, ಗೆರೆ ಕಡ್ಡಾಯವಾಯಿತೇ ವಿನಾ ಅದನ್ನು ಎಲ್ಲಿ ಎಳೆಯಬೇಕೆಂಬುದನ್ನು ಮಾಲೀಕನಿಗೇ ಬಿಡಲಾಗಿತ್ತು. ಅದನ್ನು ಕಾನೂನೇ ನಿಗದಿ ಮಾಡುವ ಹೊತ್ತಿಗೆ 1890 ಬಂದಿತ್ತು. ಆರ್ಕಿಮಿಡೀಸ್ ಹೇಳಿದ್ದನ್ನು ಹಡಗಿನ ಮೈಮೇಲೆ ಬರೆಸಲು ಎರಡು ಸಾವಿರ ವರ್ಷಕ್ಕೂ ಹೆಚ್ಚು ಬೇಕಾಯಿತು. ತಡವಾದದ್ದು ಗಣಿತದಿಂದ ಅಲ್ಲ.

ತೇಲಿದ ಮಾತ್ರಕ್ಕೆ ಮುಗಿಯಲಿಲ್ಲ, ನೆಟ್ಟಗೂ ನಿಲ್ಲಬೇಕು. 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ‘ವಾಸಾ’ ಎಂಬ ಯುದ್ಧನೌಕೆ ಮೊದಲ ಪಯಣ ಹೊರಟಿತು. ಸ್ವೀಡನ್ನಿನ ದೊರೆ ಎರಡನೇ ಗುಸ್ತಾವ್ ಅಡಾಲ್ಫ್‌ನ ಹೆಮ್ಮೆಯ ಹಡಗು. 64 ಕಂಚಿನ ತೋಪುಗಳು, ಎರಡು ಅಂತಸ್ತಿನ ತೋಪುಖಾನೆ, ಹಿಂಬದಿಯ ತುಂಬ ಕೆತ್ತನೆ. ಸುಮಾರು 1,300 ಮೀಟರ್ ಹೋಗುವಷ್ಟರಲ್ಲಿ ಗಾಳಿ ಬೀಸಿ ಹಡಗು ವಾಲಿತು. ಕೆಳಗಿನ ಸಾಲಿನ ತೋಪಿನ ಕಿಂಡಿಗಳು ತೆರೆದೇ ಇದ್ದವು, ನೀರು ಒಳನುಗ್ಗಿತು. ದಡದಲ್ಲಿ ನಿಂತಿದ್ದ ಜನರೆದುರೇ ಹಡಗು ಮುಳುಗಿತು, ಸುಮಾರು ಮೂವತ್ತು ಜನ ಸತ್ತರು. ಹೊರಡುವ ಮೊದಲು ಒಂದು ಪರೀಕ್ಷೆಯೂ ಆಗಿತ್ತು. ಮೂವತ್ತು ನಾವಿಕರನ್ನು ಅಟ್ಟದ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿದಾಗ ಹಡಗು ಎಷ್ಟು ಓಲಾಡಿತೆಂದರೆ, ಮೂರು ಓಟಕ್ಕೇ ಪರೀಕ್ಷೆ ನಿಲ್ಲಿಸಿದರು. ಪರೀಕ್ಷೆ ನಿಲ್ಲಿಸಿದರು, ಹಡಗನ್ನು ನಿಲ್ಲಿಸಲಿಲ್ಲ. ದೊರೆ ಅವಸರ ಮಾಡುತ್ತಿದ್ದ.

ವಾಸಾ ತನ್ನ ತೂಕಕ್ಕೆ ತಕ್ಕ ನೀರನ್ನು ಸರಿಸಿಯೇ ನಿಂತಿತ್ತು, ತೇಲುವುದಕ್ಕೆ ಕೊರತೆ ಇರಲಿಲ್ಲ. ಹಡಗಿನ ಭಾರವೆಲ್ಲ ಒಂದು ಬಿಂದುವಿನಲ್ಲಿ ಕೆಳಕ್ಕೆ ಜಗ್ಗುತ್ತದೆ, ನೀರಿನ ಒತ್ತೆಲ್ಲ ಇನ್ನೊಂದು ಬಿಂದುವಿನಲ್ಲಿ ಮೇಲಕ್ಕೆ ನೂಕುತ್ತದೆ. ಹಡಗು ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ ಎರಡನೆಯ ಬಿಂದು ವಾಲಿದ ಕಡೆಗೆ ಸರಿಯುತ್ತದೆ. ಅದು ಸಾಕಷ್ಟು ಸರಿದರೆ ಹಡಗನ್ನು ಮತ್ತೆ ನೆಟ್ಟಗೆ ಎತ್ತುತ್ತದೆ. ಭಾರ ತೀರಾ ಮೇಲಿದ್ದರೆ ವಾಲಿದ್ದನ್ನು ಇನ್ನಷ್ಟು ವಾಲಿಸುತ್ತದೆ. ದೋಣಿಯಲ್ಲಿ ಸೆಲ್ಫಿಗಾಗಿ ಎದ್ದು ನಿಲ್ಲುವವರನ್ನು ಗದರಿಸಿ ಕೂರಿಸುವುದಕ್ಕೆ ಕಾರಣ ಇಷ್ಟೇ. ನಿಂತವರು ದೋಣಿಯ ತೂಕ ಹೆಚ್ಚಿಸುವುದಿಲ್ಲ, ತೂಕದ ಜಾಗವನ್ನು ಮೇಲಕ್ಕೆ ಒಯ್ಯುತ್ತಾರೆ.

ವಾಸಾ ಮುಳುಗಿ 333 ವರ್ಷಗಳಾದ ಮೇಲೆ, 1961ರಲ್ಲಿ ಅದನ್ನು ಎತ್ತಿದರು. ಎತ್ತಿದ್ದೂ ತೇಲುವ ಬಲದಿಂದಲೇ. ಹಡಗಿನಡಿ ಸುರಂಗ ಕೊರೆದು ಹಗ್ಗ ತೂರಿಸಿ, ಮೇಲೆ ನೀರು ತುಂಬಿ ತಗ್ಗಿಸಿದ ತೆಪ್ಪಗಳಿಗೆ ಬಿಗಿದು, ತೆಪ್ಪಗಳ ನೀರನ್ನು ಪಂಪಿನಿಂದ ಖಾಲಿ ಮಾಡಿದರು. ಇವತ್ತು ಅದು ಸ್ಟಾಕ್‌ಹೋಮಿನ ಮ್ಯೂಸಿಯಮ್ಮಿನಲ್ಲಿದೆ, ಒಣ ನೆಲದ ಮೇಲೆ.

ನಮ್ಮ ಮೈಯ ಲೆಕ್ಕ ಇನ್ನೂ ಇಕ್ಕಟ್ಟಿನದು. ಕೊಬ್ಬು ನೀರಿಗಿಂತ ಹಗುರ, ಸ್ನಾಯು ತುಸು ಭಾರ, ಮೂಳೆ ಇನ್ನೂ ಭಾರ. ಎಲ್ಲ ಕೂಡಿ ಮನುಷ್ಯ ಹೆಚ್ಚುಕಡಿಮೆ ನೀರಿನಷ್ಟೇ. ಶ್ವಾಸಕೋಶದಲ್ಲಿ ಗಾಳಿ ತುಂಬಿದ್ದರೆ ತೇಲುತ್ತಾನೆ, ಬಿಟ್ಟರೆ ಮುಳುಗುತ್ತಾನೆ. 60 ಕೆ.ಜಿ.ಯವರು ಉಸಿರು ಪೂರ್ತಿ ಎಳೆದುಕೊಂಡಾಗ ನೀರಿನ ಮೇಲೆ ಉಳಿಯಬಹುದಾದದ್ದು ಸುಮಾರು ಒಂದೂವರೆ ಲೀಟರಿನಷ್ಟು ದೇಹ. ತಲೆಯೊಂದೇ ಅದರ ಎರಡು ಮೂರು ಪಟ್ಟು. ಅಂದರೆ ಇಡೀ ತಲೆಯನ್ನು ಹೊರಗಿಡುವಷ್ಟು ಬಂಡವಾಳ ನಮ್ಮಲ್ಲಿಲ್ಲ. ನೀರಿಗೆ ಬಿದ್ದವರು ಗಾಬರಿಯಿಂದ ಎರಡೂ ಕೈ ಮೇಲೆತ್ತಿ ಕೂಗುತ್ತಾರೆ. ಕೈಗಳು ನೀರಿನಿಂದ ಹೊರಬಂದ ಕೂಡಲೇ ಅವುಗಳ ತೂಕ ಹೊರುವುದನ್ನು ನೀರು ಬಿಟ್ಟುಬಿಡುತ್ತದೆ, ಆ ಐದಾರು ಕೆ.ಜಿ. ಮುಖವನ್ನು ಒಳಕ್ಕೆ ತಳ್ಳುತ್ತದೆ. ಕೂಗಿದ್ದರಿಂದ ಉಸಿರೂ ಖಾಲಿ. ಅದರ ಬದಲು ಕೈಗಳನ್ನು ನೀರೊಳಗೇ ಚಾಚಿ, ಕಿವಿ ಮುಳುಗುವಂತೆ ತಲೆ ಹಿಂದಕ್ಕೆ ಹಾಕಿ ಅಂಗಾತ ಮಲಗಿದರೆ, ಇರುವ ಒಂದೂವರೆ ಲೀಟರನ್ನು ಮೂಗು, ಬಾಯಿಗೆ ಖರ್ಚು ಮಾಡಿದಂತಾಗುತ್ತದೆ. ಈಜು ಬಾರದವರಿಗೂ ಇಷ್ಟನ್ನು ಶಾಲೆಯಲ್ಲೇ ಕಲಿಸಿಬಿಡಬೇಕು. ಆರ್ಕಿಮಿಡೀಸನ ತತ್ವವನ್ನು ಪರೀಕ್ಷೆಗೆ ಉರು ಹೊಡೆಸುವುದಕ್ಕಿಂತ ಅದು ಉಪಯೋಗದ ಕೆಲಸ.

ಬಾವಿಯಲ್ಲಿ ಈಜು ಕಲಿಯುವ ಮಕ್ಕಳ ಸೊಂಟಕ್ಕೆ ಹಿಂದಿನವರು ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದರು. ಈಗ ಮುಚ್ಚಳ ಬಿಗಿದ ಐದು ಲೀಟರ್ ಎಣ್ಣೆ ಕ್ಯಾನು. ಅದು ಕೊಡುವ ಆಸರೆ ಐದು ಕೆ.ಜಿ.ಗೆ ತುಸು ಕಡಿಮೆ, ತಲೆ ಹೊರಗಿಡಲು ಧಾರಾಳ ಸಾಕು. ಉಪ್ಪು ಸಾಕಷ್ಟಿದ್ದರೆ ಕ್ಯಾನೂ ಬೇಡ. ಇಸ್ರೇಲ್, ಜೋರ್ಡಾನ್ ನಡುವಿನ ಮೃತ ಸಮುದ್ರದ ನೀರು ಲೀಟರಿಗೆ ಸುಮಾರು 1,240 ಗ್ರಾಂ, ಅಲ್ಲಿ ಮುಳುಗುವುದೇ ಕಷ್ಟ. ಹೆಚ್ಚಿನ ಮೀನುಗಳು ಮುಳುಗುವ ತೊಂದರೆಯನ್ನು ಹೊಟ್ಟೆಯೊಳಗಿನ ಗಾಳಿಚೀಲದಿಂದ ನಿಭಾಯಿಸುತ್ತವೆ. ಶಾರ್ಕಿಗೆ ಆ ಚೀಲವಿಲ್ಲ, ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗವನ್ನು ನೆಚ್ಚಿಕೊಂಡಿದೆ.

ಇನ್ನು ಗಾಳಿ. ಅದಕ್ಕೂ ತೂಕವಿದೆ ಎಂಬುದನ್ನು ಒಪ್ಪಿದರೂ ನಮ್ಮ ಮನಸ್ಸು ಪೂರ್ತಿ ನಂಬುವುದಿಲ್ಲ. ಸಮುದ್ರಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆ.ಜಿ. ತೂಗುತ್ತದೆ. 60 ಲೀಟರ್ ಜಾಗ ಹಿಡಿಯುವ ಮನುಷ್ಯ ಸುಮಾರು 70 ಗ್ರಾಂ ಗಾಳಿಯನ್ನು ಸರಿಸಿ ನಿಂತಿರುತ್ತಾನೆ. ತೂಕದ ಯಂತ್ರ ತೋರಿಸುವುದು ಅಷ್ಟನ್ನು ಕಳೆದ ಲೆಕ್ಕ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ ಗಾಳಿ ತೆಳು, ರಿಯಾಯಿತಿಯೂ ಐದಾರು ಗ್ರಾಂ ಕಡಿಮೆ.

ಒಂದು ಕೆ.ಜಿ. ಹತ್ತಿ ಭಾರವೋ ಒಂದು ಕೆ.ಜಿ. ಕಬ್ಬಿಣ ಭಾರವೋ ಎಂಬ ಮಕ್ಕಳ ಒಗಟಿಗೆ ‘ಎರಡೂ ಒಂದೇ’ ಎಂದು ಉತ್ತರಿಸಿ ಜಾಣರಾಗುತ್ತೇವೆ. ಗಾಳಿಯಲ್ಲಿ ತೂಗಿದಾಗ ಎರಡೂ ಒಂದೇ ತೋರಿಸಿದರೆ, ಹೆಚ್ಚು ಗಾಳಿ ಸರಿಸಿ ಹೆಚ್ಚು ರಿಯಾಯಿತಿ ಪಡೆದ ಹತ್ತಿಯೇ ನಿಜದಲ್ಲಿ ಹೆಚ್ಚು. ಆದರೆ ಮೂಟೆಯ ಗಾತ್ರ ನೋಡಿ ಲೆಕ್ಕ ಹಾಕಬಾರದು. ಎಳೆಗಳ ನಡುವೆ ಗಾಳಿ ಆರಾಮಾಗಿ ಓಡಾಡಿಕೊಂಡಿರುತ್ತದೆ, ಅದನ್ನು ಯಾರೂ ಸರಿಸಿಲ್ಲ. ಎಳೆಗಳಷ್ಟೇ ಹಿಡಿದ ಜಾಗ ಮುಕ್ಕಾಲು ಲೀಟರಿಗಿಂತ ಕಡಿಮೆ. ಹಾಗಾಗಿ ಹತ್ತಿ ಹೆಚ್ಚಿರುವುದು ಅರ್ಧ ಗ್ರಾಂಗಿಂತ ತುಸು ಜಾಸ್ತಿ, ಅಷ್ಟೆ.

ಗಾಳಿಯಲ್ಲಿ ತೇಲುತ್ತವೆ ಎಂದು ನಾವು ಹೇಳುವ ಎಷ್ಟೋ ವಸ್ತುಗಳು ತೇಲುತ್ತಿಲ್ಲ, ನಿಧಾನವಾಗಿ ಬೀಳುತ್ತಿವೆ. ದೂಳು, ಗರಿ, ಬೂರುಗದ ಅರಳೆ ಎಲ್ಲವೂ ಹಾಗೆ. ಮೋಡವೂ ಅಷ್ಟೆ. ಅದರೊಳಗಿನ ಹನಿ ಅಪ್ಪಟ ನೀರು, ಗಾಳಿಗಿಂತ ಎಂಟುನೂರು ಪಟ್ಟು ಭಾರ. ಆದರೆ ಕೂದಲಿಗಿಂತ ಸಣ್ಣದಾದ್ದರಿಂದ ಸೆಕೆಂಡಿಗೆ ಒಂದು ಸೆಂಟಿಮೀಟರಿನಷ್ಟೇ ಇಳಿಯುತ್ತದೆ, ಕೆಳಗಿನಿಂದ ಏರುವ ಗಾಳಿ ಅದನ್ನು ಸಲೀಸಾಗಿ ಎತ್ತಿ ಹಿಡಿಯುತ್ತದೆ. ಒಂದು ಘನ ಕಿಲೋಮೀಟರಿನ ಬಿಳಿ ಮೋಡದಲ್ಲಿ ಹೀಗೆ ಬೀಳುತ್ತಲೇ ಇರುವ ನೀರು ಸುಮಾರು 500 ಟನ್. ನಿಜವಾಗಿ ತೇಲುವುದು ಹನಿಗಳಲ್ಲ, ಅವುಗಳನ್ನು ಹೊತ್ತ ಬಿಸಿ, ತೇವದ ಗಾಳಿ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಗಾಳಿ ಭಾರವಾಗಿದೆ ಎನ್ನಿಸುತ್ತದಲ್ಲ, ಅದು ಬರೀ ಅನಿಸಿಕೆ. ನೀರಾವಿಯ ಅಣು ಸಾರಜನಕ, ಆಮ್ಲಜನಕದ ಅಣುಗಳಿಗಿಂತ ಹಗುರ, ಆದ್ದರಿಂದ ತೇವದ ಗಾಳಿ ಒಣಗಾಳಿಗಿಂತ ಹಗುರ.

ಫ್ರಾನ್ಸಿನ ಅನೊನೆ ಊರಿನಲ್ಲಿ ಕಾಗದದ ಕಾರ್ಖಾನೆ ನಡೆಸುತ್ತಿದ್ದ ಮಾಂಟ್‌ಗೊಲ್ಫಿಯೇ ಸೋದರರಿಗೆ ಇದೆಲ್ಲ ಗೊತ್ತಿರಲಿಲ್ಲ. ಹೊಗೆಯಲ್ಲಿ ಯಾವುದೋ ಎತ್ತುವ ಅನಿಲವಿದೆ ಎಂದು ನಂಬಿ ಒದ್ದೆ ಹುಲ್ಲು, ಉಣ್ಣೆ ಸುಟ್ಟರು. ಹೊಗೆ ದಟ್ಟವಾದಷ್ಟೂ ಒಳ್ಳೆಯದೆಂಬ ಲೆಕ್ಕ. ಸಿದ್ಧಾಂತ ತಪ್ಪು, ಬಲೂನು ಮಾತ್ರ ಏರಿತು. 1783ರ ಸೆಪ್ಟೆಂಬರಿನಲ್ಲಿ ವರ್ಸೇಲ್ಸಿನ ಅರಮನೆಯೆದುರು ಒಂದು ಕುರಿ, ಒಂದು ಬಾತುಕೋಳಿ, ಒಂದು ಹುಂಜ ಹಾರಿ ಜೀವಂತ ಇಳಿದವು. ನವೆಂಬರ್ 21ರಂದು ಇಬ್ಬರು ಮನುಷ್ಯರು ಪ್ಯಾರಿಸ್ಸಿನ ಮೇಲೆ ಸುಮಾರು 25 ನಿಮಿಷ ತೇಲಿದರು. ಕೆಲಸ ಮಾಡಿದ್ದು ಹೊಗೆಯಲ್ಲ, ಬಿಸಿ. ಗಾಳಿಯನ್ನು 100 ಡಿಗ್ರಿಗೆ ಕಾಯಿಸಿದರೆ ಹಿಗ್ಗಿ ಘನ ಮೀಟರಿಗೆ ಕಾಲು ಕೆ.ಜಿ.ಯಷ್ಟು ಹಗುರವಾಗುತ್ತದೆ. ಇಷ್ಟು ಸಣ್ಣ ಲಾಭದಲ್ಲಿ ಇಬ್ಬರನ್ನು ಎತ್ತಬೇಕಾದ್ದರಿಂದಲೇ ಬಿಸಿಗಾಳಿ ಬಲೂನುಗಳು ಮನೆಗಿಂತ ದೊಡ್ಡವು.

ಜಲಜನಕ ತುಂಬಿದರೆ ಲಾಭ ಘನ ಮೀಟರಿಗೆ 1.1 ಕೆ.ಜಿ. ಹೀಲಿಯಂ ಜಲಜನಕಕ್ಕಿಂತ ಎರಡು ಪಟ್ಟು ಭಾರದ ಅನಿಲ. ಹಾಗಾದರೆ ಅರ್ಧದಷ್ಟೇ ಎತ್ತಬೇಕಲ್ಲವೇ? ಇಲ್ಲ, ಒಂದು ಕೆ.ಜಿ.ಗಿಂತ ತುಸು ಹೆಚ್ಚೇ ಎತ್ತುತ್ತದೆ. ಎತ್ತುವುದು ಒಳಗಿನ ಅನಿಲವಲ್ಲ, ಹೊರಗಿನ ಗಾಳಿ. ಒಳಗಿನದು ತನ್ನ ತೂಕದಷ್ಟನ್ನು ಕಳೆಯುತ್ತದೆ, ಅಷ್ಟೆ. 1.2ರಲ್ಲಿ 0.08 ಕಳೆದರೂ 0.17 ಕಳೆದರೂ ಉಳಿಯುವುದು ಬಹುತೇಕ ಅಷ್ಟೇ. ಒಳಗೆ ಏನೂ ಇಲ್ಲದ ನಿರ್ವಾತವಿದ್ದರೂ 1.2ಕ್ಕಿಂತ ಹೆಚ್ಚು ಸಿಗುವುದಿಲ್ಲ. 1670ರಲ್ಲಿ ಇಟಲಿಯ ಪಾದ್ರಿ ಫ್ರಾಂಚೆಸ್ಕೊ ಲಾನಾ, ಗಾಳಿ ತೆಗೆದ ತೆಳು ತಾಮ್ರದ ಗೋಳಗಳಿಂದ ಹಾರುವ ಹಡಗಿನ ನಕ್ಷೆ ಬರೆದಿದ್ದ. ಲೆಕ್ಕ ಸರಿಯೇ ಇತ್ತು, ಅಷ್ಟು ತೆಳುವಾದ ತಾಮ್ರವನ್ನು ವಾಯುವಿನ ಒತ್ತಡ ಅಪ್ಪಚ್ಚಿ ಮಾಡುತ್ತದೆ ಎಂಬುದೊಂದು ಬಿಟ್ಟು. ಜಲಜನಕ, ಹೀಲಿಯಂಗಳ ನಡುವಿನ ಆ ಸಣ್ಣ ಅಂತರ ಬೇರೆ ರೀತಿಯಲ್ಲಿ ದುಬಾರಿಯಾಯಿತು. ಹೀಲಿಯಂಗಾಗಿ ರೂಪಿಸಿದ ಜರ್ಮನಿಯ ‘ಹಿಂಡೆನ್‌ಬರ್ಗ್’ ವಾಯುನೌಕೆಗೆ ಅಮೆರಿಕ ಹೀಲಿಯಂ ಮಾರಲಿಲ್ಲ, ಜಲಜನಕವನ್ನೇ ತುಂಬಿದರು. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ ಹೊತ್ತಿಕೊಂಡು 36 ಜನ ಸತ್ತರು.

ಆ ಮೇಲೆ ಜನರನ್ನು ಹೊರುವ ಕೆಲಸ ಬಲೂನಿನ ಕೈತಪ್ಪಿತು, ವಿಜ್ಞಾನದ್ದು ತಪ್ಪಲಿಲ್ಲ. ನೊಬೆಲ್ ವಿಜ್ಞಾನಿ ರಾಬರ್ಟ್ ಮಿಲಿಕನ್ ವಿಶ್ವಕಿರಣಗಳನ್ನು ಅಳೆಯಲು 1939–40ರಲ್ಲಿ ಭಾರತಕ್ಕೆ ಬಂದು ಬಲೂನು ಹಾರಿಸಿದ ಊರುಗಳಲ್ಲಿ ಬೆಂಗಳೂರೂ ಒಂದು. ಭೂಕಾಂತ ಈ ಕಿರಣಗಳನ್ನು ಹೇಗೆ ಸೋಸುತ್ತದೆಂದು ತಿಳಿಯಲು ಭೂಮಧ್ಯರೇಖೆಗೆ ಹತ್ತಿರದ ಊರು ಬೇಕಿತ್ತು. ಇಂದು ಹೈದರಾಬಾದಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಪ್ಲಾಸ್ಟಿಕ್ ಬಲೂನುಗಳು ಮೂವತ್ತು ನಲವತ್ತು ಕಿಲೋಮೀಟರ್ ಎತ್ತರಕ್ಕೆ ಹೋಗುತ್ತವೆ. ನೆಲದ ಮೇಲೆ ಅವುಗಳಲ್ಲಿ ತುಂಬುವ ಅನಿಲ ನೋಡಿದರೆ ಕಂಜೂಸುತನ ಎನ್ನಿಸಬೇಕು. ನೆತ್ತಿಯಲ್ಲೊಂದು ಗುಳ್ಳೆ, ಉಳಿದದ್ದೆಲ್ಲ ಜೋತುಬಿದ್ದ ಹಾಳೆ. 30 ಕಿಲೋಮೀಟರ್ ಮೇಲೆ ಗಾಳಿಯ ಒತ್ತಡ ಇಲ್ಲಿನ ನೂರರಲ್ಲೊಂದು ಪಾಲಿಗೆ ಸಮೀಪ, ಅಷ್ಟೇ ಅನಿಲ ಅಲ್ಲಿ ನೂರು ಪಟ್ಟಿನ ಹತ್ತಿರ ಹಿಗ್ಗಿ ಇಡೀ ಬಲೂನನ್ನು ತುಂಬುತ್ತದೆ. 2005ರಲ್ಲಿ ಹೀಗೆ ಹೋದದ್ದೊಂದು 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದಿತು. ಅದರಲ್ಲಿ ಸಿಕ್ಕ ಹೊಸ ಬ್ಯಾಕ್ಟೀರಿಯಾಗಳಲ್ಲಿ ಒಂದಕ್ಕೆ ಇಸ್ರೋದ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು ಇಟ್ಟಿದ್ದಾರೆ.

ಹವಾಮಾನ ಇಲಾಖೆಯ ಬಲೂನುಗಳು ಸಣ್ಣವು, ರಬ್ಬರಿನವು. ಬೆಂಗಳೂರು, ಮಂಗಳೂರು ಸೇರಿ ದೇಶದ ಹಲವು ಕೇಂದ್ರಗಳಿಂದ ಬಿಡುತ್ತಾರೆ. ಕೆಳಗೆ ತೂಗುವ ಪುಟ್ಟ ಡಬ್ಬಿ ಉಷ್ಣತೆ, ತೇವ, ಒತ್ತಡವನ್ನು ರೇಡಿಯೊದಲ್ಲಿ ಹೇಳುತ್ತ ಏರುತ್ತದೆ. ಮೇಲೇರಿದಂತೆ ಬಲೂನು ಹಿಗ್ಗಿ ಹಿಗ್ಗಿ, ಕೊನೆಗೆ ಒಡೆದು, ಡಬ್ಬಿ ಯಾರದೋ ಹೊಲಕ್ಕೆ ಬೀಳುತ್ತದೆ. 1783ರ ಆಗಸ್ಟ್ 27ರಂದು ಪ್ಯಾರಿಸ್ಸಿನಿಂದ ಹಾರಿಸಿದ ಮೊದಲ ಜಲಜನಕ ಬಲೂನು ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ, ಹೊರಳಾಡುವ ಆ ಪ್ರಾಣಿಯನ್ನು ಕಂಡು ಹೆದರಿದ ರೈತರು ಕವೆಗೋಲಿನಿಂದ ತಿವಿದು ಹರಿದುಹಾಕಿದ್ದರು. ನಮ್ಮವರು ಅಷ್ಟು ಅವಸರಪಡುವುದಿಲ್ಲ. ಜೋಳದ ಹೊಲದಲ್ಲಿ ವೈರು, ಬಿಳಿ ಡಬ್ಬಿ, ಹರಿದ ರಬ್ಬರು ಕಂಡರೆ ದೂರ ನಿಂತು ಮೊಬೈಲಿನಲ್ಲಿ ಫೋಟೊ ತೆಗೆದು ಪೊಲೀಸರಿಗೆ ಫೋನ್ ಮಾಡುತ್ತಾರೆ. ಪೊಲೀಸರು ಬಂದು, ಹವಾಮಾನ ಕಚೇರಿಗೆ ಕೇಳಿ, ಬಾಂಬಲ್ಲ ಎಂದು ಖಾತ್ರಿ ಮಾಡಿಕೊಂಡು ಠಾಣೆಗೆ ಒಯ್ಯುವಷ್ಟರಲ್ಲಿ ಮುಂದಿನ ಬಲೂನು ಬಿಡುವ ಹೊತ್ತಾಗಿರುತ್ತದೆ.